ಎರಡೂ ಪುಟದಲ್ಲಿದ್ದ ಪಾಂಫಿಲ್

ಪ್ರುನೆಷ್ಟಿ ಹಳ್ಳಿಗೆ ಹೊಸದಾಗಿ ಬಂದ ಪಾದ್ರಿ ಇಸಾಯಾನಿಗೆ ಒಂದು ಕೆಟ್ಟ ಚಟವಿತ್ತು. ಓದುವುದನ್ನು ಅರ್ಥ ಮಾಡಿಕೊಂಡು ಓದುತ್ತಿದ್ದ. ಅವನ ಹಿಂದಿದ್ದ ಮುದಿ ಪಾದ್ರಿಗೆ ಈ ರೋಗ ಇರಲಿಲ್ಲ. ಸತ್ತವರ ಶನಿವಾರ ಬಂತೆಂದರೆ ಊರಿನ ಹೆಂಗಸರೆಲ್ಲ ಪ್ರಾರ್ಥನೆಯಲ್ಲಿ ಓದಿಸಲು ತಂತಮ್ಮ ಮನೆಯವರ ಹೆಸರಿನ ಪುಸ್ತಕ ತಂದು ಒಪ್ಪಿಸುತ್ತಿದ್ದರು. ಎಡ ಪುಟದಲ್ಲಿ ಬದುಕಿರುವವರು, ಬಲ ಪುಟದಲ್ಲಿ ಸತ್ತವರು. ಆ ಮುದುಕ ಎಡವೂ ನೋಡದೆ ಬಲವೂ ನೋಡದೆ ನಾನೂರು ಹೆಸರನ್ನು ಒಂದೇ ಉಸಿರಿಗೆ ಗೊಣಗಿ ಊಟಕ್ಕೆ ಏಳುತ್ತಿದ್ದ. ದೇವರು ಒಂದು ದಿನವೂ ತಕರಾರು ಮಾಡಿರಲಿಲ್ಲ.

ಆ ಶನಿವಾರ ಪೂಜೆ ಮುಗಿದದ್ದೇ ತಡ, ಇಸಾಯಾ ಎರಡು ಪುಸ್ತಕ ಹಿಡಿದುಕೊಂಡು ಒಲಿಂಪಿಯಾಳ ಹತ್ತಿರ ಬಂದ. ಒಲಿಂಪಿಯಾ ಜಿಲ್ಲಾ ಕೇಂದ್ರದಲ್ಲಿ ಪೊಲೀಸ್ ಇನ್‌ಸ್ಪೆಕ್ಟರ್. ಮೇಲಧಿಕಾರಿ ಭಾಷಣ ಮಾಡುವಾಗ ನಕ್ಕಿದ್ದಕ್ಕೆ ಅವಳನ್ನು ಬಗೆಹರಿಯದ ಹಳೇ ಕೇಸುಗಳ ಕೋಣೆಗೆ ತಳ್ಳಿದ್ದರು. ವಾರಕ್ಕೊಮ್ಮೆ ತಾಯಿಯ ಬೈಗುಳ ಕೇಳಲು ಊರಿಗೆ ಬರುತ್ತಿದ್ದಳು.

"ಇನ್‌ಸ್ಪೆಕ್ಟರಮ್ಮ, ಈ ಊರಲ್ಲಿ ಪಾಂಫಿಲ್ ಅನ್ನೋರು ಎಷ್ಟು ಜನ ಇದಾರೆ?"

"ಒಬ್ರೂ ಇಲ್ಲ. ಇದ್ದವ್ನು ಒಬ್ನೇ. ನಮ್ಮಪ್ಪ."

"ತೀರ್ಕೊಂಡ್ರಾ?"

"ಅದೃಷ್ಟ ಎಲ್ಲಿ ಬಂತು! ಇಟಲೀಲಿದಾನೆ, ಯಾವಳದೋ ಜೊತೆ. ಮೂವತ್ತು ವರ್ಷ ಆಯ್ತು."

ಪಾದ್ರಿ ಗಡ್ಡ ಕೆರೆದುಕೊಂಡ. "ಅಲ್ಲಮ್ಮ, ಒಂದು ಪುಸ್ತಕ ಅವರಿಗೆ ಆರೋಗ್ಯ ಕೊಡಪ್ಪ ಅನ್ನುತ್ತೆ. ಇನ್ನೊಂದು ಅವರ ಆತ್ಮಕ್ಕೆ ಶಾಂತಿ ಕೊಡಪ್ಪ ಅನ್ನುತ್ತೆ. ಒಂದೇ ಬೆಳಿಗ್ಗೆ ಎರಡೂ ಕೇಳಿದ್ರೆ ದೇವರು ನನ್ನನ್ನ ಏನಂದ್ಕೋಬೇಕು?"

ಒಲಿಂಪಿಯಾಳಿಗೆ ನಗು ಬಂತು. "ಸತ್ತವರ ಪುಟಕ್ಕೆ ತಳ್ಳಿರೋದು ನಮ್ಮಮ್ಮ. ಸಿಟ್ಟಿಗೆ. ಬಿಡಿ ಪಾದ್ರಿಗಳೇ."

"ಅಲ್ಲ. ತಿರುಗಾ ಮುರುಗಾ," ಎಂದು ಇಸಾಯಾ ಪುಸ್ತಕ ಬಿಚ್ಚಿದ.

ತಾಯಿ ಸಫ್ತಾಳ ಪುಸ್ತಕದಲ್ಲಿ, ಬದುಕಿರುವವರ ಪುಟದಲ್ಲಿ, ಎಲ್ಲರಿಗಿಂತ ಮೇಲೆ ಪಾಂಫಿಲ್ ಇದ್ದ. ಅವನ ಕೆಳಗೆ ಒಲಿಂಪಿಯಾ. ಶಾಯಿ ಮಾಸಿದಾಗಲೆಲ್ಲ ಸಫ್ತಾ ಅದರ ಮೇಲೆ ಮತ್ತೆ ಬರೆದದ್ದು ಕಾಣುತ್ತಿತ್ತು. ದಿನ ಬೆಳಗಾದರೆ ಅವನ ಕಾಲು ಸೇದಿಹೋಗಲಿ, ನಾಲಿಗೆ ಬಿದ್ದುಹೋಗಲಿ ಎಂದು ಶಪಿಸುವ ಹೆಂಗಸು ಪ್ರತಿ ವರ್ಷ ಅವನಿಗೆ ಆರೋಗ್ಯ ಬೇಡುತ್ತಿದ್ದಳು. ಒಲಿಂಪಿಯಾ ಆ ಸಾಲನ್ನು ಎರಡು ಸಲ ಓದಿದಳು. ಆಮೇಲೆ ಎರಡನೇ ಪುಸ್ತಕಕ್ಕೆ ಕೈ ಹಾಕಿದಳು.

ಅದು ವೆತುರಿಯಾಳದು. ಮಗುವಾಗಿದ್ದಾಗ ಒಲಿಂಪಿಯಾಳನ್ನು ದೀಕ್ಷಾಸ್ನಾನದ ನೀರಿನಿಂದ ಎತ್ತಿಕೊಂಡ ಧರ್ಮತಾಯಿ. ಮಂಡಿನೋವೆಂದು ಆಕೆ ಈ ಸಲ ಪುಸ್ತಕವನ್ನೂ ಎರಡು ಮೇಣದಬತ್ತಿಯನ್ನೂ ಒಲಿಂಪಿಯಾಳ ಕೈಯಲ್ಲೇ ಕಳಿಸಿದ್ದಳು. "ನಮ್ಮಮ್ಮನ ಸಮಾಧಿ ಮೇಲೆ ಎರಡು ಹಚ್ಚು. ಎರಡು, ಮರೀಬೇಡ," ಎಂದು ಮೂರು ಸಲ ಹೇಳಿದ್ದಳು. ಸತ್ತವರ ಪುಟದಲ್ಲಿ ಹೆಸರುಗಳು ಸಾಲಾಗಿದ್ದವು: ವೆತುರಿಯಾಳ ತಾಯಿ ಇಲಿಂಕಾ, ಪಾಂಫಿಲ್, ನೆಂಟ ಸ್ಪಿರಿದೋನ್.

ಸತ್ತವರನ್ನು ಸತ್ತ ಕ್ರಮದಲ್ಲೇ ಬರೆಯುವುದು. ಮಧ್ಯೆ ಜಾಗ ಬಿಡುವ ಪದ್ಧತಿ ಇಲ್ಲ. ಬಿಟ್ಟರೆ ಸಾವು ಆ ಜಾಗಕ್ಕೆ ಮನೆಯವರನ್ನೇ ಹುಡುಕಿಕೊಂಡು ಬರುತ್ತದೆ ಎಂದು ಪ್ರುನೆಷ್ಟಿಯ ಮಕ್ಕಳಿಗೂ ಗೊತ್ತು. ಒಲಿಂಪಿಯಾ ವೆತುರಿಯಾಳ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಚರ್ಚಿನ ಹಿಂದಿನ ಸ್ಮಶಾನಕ್ಕೆ ನಡೆದಳು. ಇಲಿಂಕಾಳ ಶಿಲುಬೆಯ ಮೇಲೆ 1993ರ ಸೆಪ್ಟೆಂಬರ್ ಇಪ್ಪತ್ತೆಂಟು. ಸ್ಪಿರಿದೋನನ ಶಿಲುಬೆಯ ಮೇಲೆ ಅದೇ ವರ್ಷದ ನವೆಂಬರ್ ಹನ್ನೊಂದು. ಅಪ್ಪ ಮನೆ ಬಿಟ್ಟದ್ದು ಅಕ್ಟೋಬರ್ ಎರಡು, ಶನಿವಾರ. "ಮುದ್ದೆ ಹಲಗೆ ಮೇಲೆ ಮಗುಚೋ ಹೊತ್ತಿಗೆ ಬಂದ್ಬಿಡ್ತೀನಿ ಪುಟ್ಟಿ," ಎಂದು ಹೇಳಿ ಹೋಗಿದ್ದ. ಎಲ್ಲಿಗೆ ಎಂದು ಹೇಳಿರಲಿಲ್ಲ. ಅವಳಿಗಾಗ ಒಂಬತ್ತು ವರ್ಷ. ಮುಸುಕಿನಜೋಳದ ಆ ಮುದ್ದೆ ಹಲಗೆಯ ಮೇಲೆ ತಣ್ಣಗಾಗಿ ಕಲ್ಲಾಗುವವರೆಗೂ ಕಿಟಕಿಯಲ್ಲಿ ಕೂತಿದ್ದಳು.

ಅಪ್ಪನ ಕಡತ ಅವಳಿಗೆ ಬಾಯಿಪಾಠ. ಒಂದೇ ಹಾಳೆ. 'ಸದರಿ ವ್ಯಕ್ತಿ ಸೂಟ್‌ಕೇಸ್ ಸಮೇತ ಬಸ್ ಹತ್ತಿದ್ದನ್ನು ನಾನು ಖುದ್ದಾಗಿ ನೋಡಿದ್ದೇನೆ. ಇಟಲಿಗೆ ಹೋಗಿರುತ್ತಾನೆ.' ಕೆಳಗೆ ಸಹಿ, ಊರಿನ ಪೊಲೀಸ್ ಸಾರ್ಜೆಂಟ್ ಮಿತ್ರಾಕೆ. ಅಂದರೆ ವೆತುರಿಯಾಳ ಗಂಡ. ಗಂಡ ಇಟಲಿಗೆ ಕಳಿಸಿದವನನ್ನು ಹೆಂಡತಿ ಆರು ವಾರದೊಳಗೇ ಸತ್ತವರ ಪುಟಕ್ಕೆ ಸೇರಿಸಿದ್ದಳು.

ಇಲಿಂಕಾಳ ಸಮಾಧಿಯ ಮೇಲೆ ಬೆಳಿಗ್ಗೆ ಅವಳೇ ಹಚ್ಚಿದ ಎರಡು ಬತ್ತಿಗಳು ಇನ್ನೂ ಉರಿಯುತ್ತಿದ್ದವು. ಒಬ್ಬ ಮುದುಕಿಗೆ ಎರಡು ಬತ್ತಿ ಯಾಕೆ ಎಂದು ಪೊಲೀಸ್ ಬುದ್ಧಿ ಒಮ್ಮೆಯೂ ಕೇಳಿರಲಿಲ್ಲ. ಒಲಿಂಪಿಯಾ ಅಲ್ಲೇ ನಿಂತು ತನ್ನನ್ನು ತಾನೇ ಕೆಟ್ಟದಾಗಿ ಬೈದುಕೊಂಡಳು. ಆ ವಿದ್ಯೆಯಲ್ಲಿ ಅವಳು ತಾಯಿಗೆ ತಕ್ಕ ಮಗಳು.

ಅಲ್ಲಿಂದ ನೇರ ಧರ್ಮತಾಯಿಯ ಮನೆಗೆ ಹೋದಳು. ಮಿತ್ರಾಕೆಗೆ ಎಂಬತ್ತೆರಡು. ಒಲೆಯ ಪಕ್ಕ ಕುರ್ಚಿಯಲ್ಲಿ ಕೂತು, ನಿವೃತ್ತನಾಗಿ ಇಪ್ಪತ್ತೈದು ವರ್ಷವಾದರೂ ಊರನ್ನು ಕಾಯುತ್ತಿದ್ದ. ಪ್ಲಮ್ ಹಣ್ಣಿನ ಸಾರಾಯಿ ಇಳಿಸುವುದರಲ್ಲಿ ಅವನ ಸಮ ಯಾರೂ ಇಲ್ಲ ಎಂಬುದು ಊರಿನ ಮಾತು, ಮುಖ್ಯವಾಗಿ ಅವನದೇ ಮಾತು. ವೆತುರಿಯಾ ಮೊರದಲ್ಲಿ ಹುರುಳಿಕಾಯಿ ಬೀಜ ಆರಿಸುತ್ತಿದ್ದಳು.

"ಬಾರಮ್ಮ ಠಾಣೆ!" ಎಂದು ಮಿತ್ರಾಕೆ ಪುಟ್ಟ ಲೋಟಕ್ಕೆ ಸುರಿದ. "ಕುಡಿ. ನಮ್ಮ ಮಗಳು ಸಂದಾ ಮದುವೆ ಸಾರಾಯಿ ಮುಂದೆ ಇದು ಬರೀ ನೀರು, ಆದ್ರೂ ಕುಡಿ. ಈಗ ಯಾವ ಹಳೇ ಕೇಸು ಅಗೀತಿದೀಯ?"

"ಇಲಿಂಕಜ್ಜಿ ಸಮಾಧಿ ಅಗೀಬೇಕು ಅಂತಿದೀನಿ, ದೊಡ್ಡಪ್ಪ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮಿತ್ರಾಕೆ ಎದೆಯ ಮೇಲಿನ ಗುಂಡಿ ಹಾಕಿಕೊಂಡ. ಸಮವಸ್ತ್ರ ಇರಲಿಲ್ಲ, ಬರೀ ಉಣ್ಣೆಯ ಬನಿಯನ್.

"ತಲೆಗಿಲೆ ಕೆಟ್ಟಿದೆಯೇನೇ? ಮುದುಕಿ ಹೃದಯ ನಿಂತು ಸತ್ಲು. ಡಾಕ್ಟರ್ ಸರ್ಟಿಫಿಕೇಟ್ ಇದೆ."

"ಅಜ್ಜಿಗಿದೆ. ಅವಳ ಮೇಲೆ ಮಲಗಿರೋನಿಗೆ?"

ಮೊರ ವೆತುರಿಯಾಳ ತೊಡೆಯಿಂದ ಜಾರಿತು. ಬೀಜಗಳು ನೆಲದ ತುಂಬ ಉರುಳಿದವು. ಯಾರೂ ಬಗ್ಗಲಿಲ್ಲ.

"ವೆತುರಿಯಾ, ಬಾಯಿ ಮುಚ್ಕೊಂಡಿರು," ಎಂದ ಮಿತ್ರಾಕೆ.

"ಮೂವತ್ತು ವರ್ಷ ಮುಚ್ಕೊಂಡಿದ್ದೆ," ಎಂದಳು ಆಕೆ. "ಪೊಲೀಸ್ರಿಗೆ ಸುಳ್ಳು ಹೇಳೋದು ಸುಲಭ, ಪೊಲೀಸಪ್ಪ ಮನೇಲೇ ಇದ್ದ. ದೇವರ ಪುಸ್ತಕದಲ್ಲಿ ಹೆಂಗೆ ಸುಳ್ಳು ಬರೀಲಿ? ಸತ್ತೋನನ್ನ ಬರೀದೆ ಬಿಟ್ರೆ ಆ ಕಡೆ ಹಸ್ಕೊಂಡು ಕೂತಿರ್ತಾನೆ. ಊಟದ ಹೊತ್ತಲ್ಲಿ ಹೋದ ಜೀವ ಕಣೇ ಅದು."

ಆಮೇಲೆ ಎಲ್ಲ ಹೊರಗೆ ಬಂತು. ಮಗಳು ಸಂದಾಳ ಮದುವೆಗೆ ಮೂರು ವಾರ ಇತ್ತು. ಮುನ್ನೂರು ಜನರಿಗೆ ಸಾರಾಯಿ ಬೇಕು. ಸಾರ್ಜೆಂಟ್ ಸಾಹೇಬರು ಕಳ್ಳಬಟ್ಟಿ ಹಿಡಿಯುವ ನೆಪದಲ್ಲಿ ಊರವರ ಪ್ಲಮ್ ಹಣ್ಣನ್ನೆಲ್ಲ ಮುಟ್ಟುಗೋಲು ಹಾಕಿ ತಂದು ತಮ್ಮದೇ ನೆಲಮಾಳಿಗೆಯಲ್ಲಿ ಹುಳಿಯಲು ಹಾಕಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಎಷ್ಟು ಮೇಯಬಹುದೋ ಅಷ್ಟು ಮೇಯ್ದಿದ್ದರು. ಆಳೆತ್ತರದ ಮರದ ಪೀಪಾಯಿ, ಕಿಟಕಿಯಿಲ್ಲದ ನೆಲಮಾಳಿಗೆ. ಅದನ್ನು ಕಲಕಲು ಗುಟ್ಟು ಬಿಡದ, ಕೆಲಸ ಬಲ್ಲ ಒಬ್ಬ ಬೇಕಿತ್ತು. ಪಾಂಫಿಲ್ ಬಂದ. ಏಣಿ ಹತ್ತಿ ಬಗ್ಗಿದ. ಹುಳಿತ ಹಣ್ಣಿನ ವಿಷಗಾಳಿ ತಲೆಗೇರಿತು. ಮಿತ್ರಾಕೆ ಊಟ ಮುಗಿಸಿ ಇಳಿದು ನೋಡಿದಾಗ ಪೀಪಾಯಿಯ ಮೇಲೆ ಕಂಡದ್ದು ಎರಡು ಬೂಟು.

"ನಾನೇನು ಕೊಂದ್ನಾ?" ಎಂದು ಮಿತ್ರಾಕೆ ಕೂಗಿದ. "ಅವನೇ ಬಿದ್ದ! ಹೇಳಿದ್ರೆ ನನ್ನ ಕೆಲಸ ಹೋಗ್ತಿತ್ತು, ಸಂದಾ ಮದುವೆ ಮುರೀತಿತ್ತು. ಗಂಡಿನ ಕಡೆಯೋರು ಪಟ್ಟಣದೋರು ಬೇರೆ. ಅತ್ತೆ ಸಮಾಧಿ ಮಣ್ಣು ಇನ್ನೂ ಹಸಿ ಇತ್ತು. ಗೌರವವಾಗೇ ಇಟ್ಟೆ, ಟೋಪಿ ಸಮೇತ. ಮೇಲೆ ಶಿಲುಬೆ ಇಲ್ವಾ? ಎಷ್ಟು ಜನಕ್ಕೆ ಅದೂ ಸಿಗಲ್ಲ. ಕಾಯ್ದೆ ಪ್ರಕಾರ ಗಡುವೂ ಮುಗಿದಿದೆ, ನಾನೇ ಎಣಿಸಿದೀನಿ."

ಒಲಿಂಪಿಯಾ ಕೈಯಲ್ಲಿದ್ದ ಲೋಟವನ್ನು ನೋಡಿದಳು. ಕೇಳಬಾರದೆಂದು ಗೊತ್ತಿದ್ದೂ ಕೇಳಿದಳು.

"ದೊಡ್ಡಪ್ಪ, ಆ ಪೀಪಾಯೀಲಿ ಇದ್ದಿದ್ದು ಏನಾಯ್ತು?"

ಮಿತ್ರಾಕೆ ಒಲೆಯ ಕಡೆ ನೋಡಿದ.

"ಚೆಲ್ಲಕ್ಕೆ ಮನಸ್ಸು ಬರ್ಲಿಲ್ಲ," ಎಂದ. ಕಸುಬುದಾರನ ಹಟ ಅವನನ್ನು ಅಲ್ಲಿಗೆ ನಿಲ್ಲಿಸಲಿಲ್ಲ. "ಎರಡು ಸಲ ಇಳಿಸಿದೆ. ಎರಡು ಸಲ ಇಳಿಸಿದ್ರೆ ಎಲ್ಲಾ ಶುದ್ಧ."

ಸಂದಾಳ ಮದುವೆಯ ಸಾರಾಯಿಯನ್ನು ಊರು ಮೂವತ್ತು ವರ್ಷದಿಂದ ಹೊಗಳುತ್ತಿತ್ತು. ಮುದಿ ಪಾದ್ರಿ ಅದನ್ನು ಕುಡಿದು ಮೇಜಿನ ಮೇಲೆ ಕುಣಿದಿದ್ದ. ಗಂಡ ಓಡಿಹೋದ ಅವಮಾನಕ್ಕೆ ಸಫ್ತಾ ಮೂರು ಲೋಟ ಎತ್ತಿ, ಹಾಳಾದವನಿಗೆ ಇದು ತಪ್ಪಿಹೋಯಿತಲ್ಲ ಎಂದು ಎಲ್ಲರ ಮುಂದೆ ನಕ್ಕಿದ್ದಳು. ಒಲಿಂಪಿಯಾಳಿಗೂ ಮಿತ್ರಾಕೆ ಒಂದು ಬೆರಳು ಅದ್ದಿಸಿ ಚೀಪಲು ಕೊಟ್ಟಿದ್ದ. ಈಗ ಅವಳು ಅಂಗಳಕ್ಕೆ ಓಡಿ ಬೇಲಿಯ ಬುಡದಲ್ಲಿ ಬೆಳಗಿನ ತಿಂಡಿಯನ್ನೆಲ್ಲ ಕಕ್ಕಿದಳು.

ಬಾಯಿ ಒರೆಸಿಕೊಂಡು ತಲೆಯೆತ್ತಿದಾಗ ಎದುರಿಗೆ ಚರ್ಚಿನ ಗೋಪುರ ಕಂಡಿತು, ಅದರ ಪಕ್ಕಕ್ಕೆ ತಮ್ಮ ಮನೆಯ ಹೊಗೆಗೂಡು. ಸಮಾಧಿಯಿಂದ ಮನೆಗೆ ಆರುನೂರು ಹೆಜ್ಜೆ. ಇಟಲಿಯೂ ಇಲ್ಲ, ಯಾವಳೂ ಇಲ್ಲ. ಅಪ್ಪ ತನ್ನನ್ನು ಬಿಟ್ಟು ಹೋಗಿರಲಿಲ್ಲ. ಮುದ್ದೆಯ ಹೊತ್ತಿಗೆ ನಿಜವಾಗಿಯೂ ಬರುವವನಿದ್ದ. ನಲವತ್ತು ತುಂಬಿದ ಇನ್‌ಸ್ಪೆಕ್ಟರು ಬೇಲಿ ಹಿಡಿದುಕೊಂಡು ಮೂಗು ಸೋರಿಸಿ ಅತ್ತಳು. ದುಃಖಕ್ಕಿಂತ ಹೆಚ್ಚು ಸಂತೋಷಕ್ಕೇ ಅತ್ತಳು, ಅದಕ್ಕೆ ನಾಚಿಕೆಯೂ ಆಯಿತು.

ಮನೆಯಲ್ಲಿ ಸಫ್ತಾ ಎಲ್ಲವನ್ನೂ ನಿಂತೇ ಕೇಳಿದಳು. ನಡುವೆ ಬಾಯಿ ಹಾಕದೆ ಅವಳು ಕೇಳಿದ್ದು ಜೀವಮಾನದಲ್ಲಿ ಅದೇ ಮೊದಲು.

"ಮೂರು ಲೋಟ ಕುಡಿದೆ ನಾನು," ಎಂದಳು ಕೊನೆಗೆ.

"ಗೊತ್ತಮ್ಮ. ಸೋಮವಾರ ಸರ್ಕಾರಿ ವಕೀಲರಿಗೆ ಬರೀತೀನಿ, ಸಮಾಧಿ ತೆಗೆಸ್ತೀನಿ. ಕೇಸು ನಿಲ್ಲಲ್ಲ, ಆದ್ರೆ ಅಪ್ಪನಿಗೆ ಬೇರೆ ಶಿಲುಬೆ..."

"ಸೋಮವಾರ ಬರಿ. ಈಗ ಆ ಹಿಟ್ಟಿನ ಡಬ್ಬ ಕೊಡು."

ನೀರು ಕುದಿಸಿ, ಹಿಟ್ಟು ಹಾಕಿ, ತೋಳು ನೋಯುವ ತನಕ ತೊಳಸಿ, ಸಫ್ತಾ ಮುದ್ದೆಯನ್ನು ಹಲಗೆಯ ಮೇಲೆ ಮಗುಚಿದಳು. ಅದರ ನೆತ್ತಿಗೆ ಒಂದು ಮೇಣದಬತ್ತಿ ಚುಚ್ಚಿ, ಹಬೆಯಾಡುವ ಹಲಗೆಯನ್ನು ಎತ್ತಿಕೊಂಡು ಬೀದಿಗೆ ಇಳಿದಳು. ಮಗಳು ಹಿಂದೆ ಓಡಿದಳು. ಸತ್ತವರ ಹೆಸರಿನ ಊಟವನ್ನು ಬಡವರಿಗೋ ನೆರೆಯವರಿಗೋ ಕೊಡುವುದುಂಟು, ಕೊಟ್ಟರೆ ಬೇಡ ಅನ್ನುವಂತಿಲ್ಲ. ಮಿತ್ರಾಕೆ ಬೇಡ ಅನ್ನಲಿಲ್ಲ. ಹಲಗೆ ಅವನ ತೊಡೆಯ ಮೇಲೆ ಕೂತಿತು.

"ತಗೋ. ಪಾಂಫಿಲ್ ಹೆಸರಲ್ಲಿ," ಎಂದಳು ಸಫ್ತಾ. ಮೂವತ್ತು ವರ್ಷ ಸಾರ್ಜೆಂಟ್ ಸಾಹೇಬ್ರೇ ಎಂದ ಬಾಯಿ ಅದು. "ತಿನ್ನು. ಒಂದು ತುಣುಕು ಬಿಡಬೇಡ."

"ದೇವರು ಕ್ಷಮಿಸಲಿ," ಎಂದು ಮಿತ್ರಾಕೆ ಪದ್ಧತಿಯ ಮಾತು ಹೇಳಿ ಕೈ ಹಾಕಿದ. ಬಿಸಿ ಮುದ್ದೆ ಬೆರಳು ಸುಟ್ಟಿತು. ಮೂರು ತುತ್ತಿಗೆ ಗಂಟಲು ಹಿಡಿಯಿತು. ಅಭ್ಯಾಸದ ಕೈ ತಾನಾಗಿ ಸಾರಾಯಿ ಲೋಟದ ಕಡೆ ಹೋಯಿತು.

"ನೀರು ಕುಡಿ," ಎಂದಳು ಸಫ್ತಾ.

ವೆತುರಿಯಾ ಕುಂಟುತ್ತ ಹೋಗಿ ನೀರು ತಂದುಕೊಟ್ಟಳು. ಮಿತ್ರಾಕೆ ಒಂದು ತುತ್ತಿಗೆ ಒಂದು ಗುಟುಕಿನಂತೆ ಇಡೀ ಮುದ್ದೆ ತಿಂದು ಮುಗಿಸುವವರೆಗೂ ತಾಯಿ ಮಗಳು ನಿಂತೇ ಇದ್ದರು. ಮುಕ್ಕಾಲು ಗಂಟೆ ಹಿಡಿಯಿತು.

ವಾಪಸು ಬರುವಾಗ ಸಫ್ತಾ ಚರ್ಚಿನ ಗೇಟಿನ ಹತ್ತಿರ ನಿಂತು ಸೆರಗಿನಂತೆ ತಲೆಗೆ ಕಟ್ಟಿದ್ದ ಬಟ್ಟೆಯಿಂದ ಕಣ್ಣು ಒತ್ತಿಕೊಂಡಳು.

"ಅವನ ಆಯಸ್ಸಿಗೆ ಬೇಡ್ಕೋತಿದ್ದೆ ಕಣೇ. ಬೈಸ್ಕೊಳ್ಳೋಕಾದ್ರೂ ಇರ್ಲಿ ಅಂತ. ಒಂದಲ್ಲ ಒಂದಿನ ಬರ್ತಾನೆ, ಎದುರಿಗೆ ನಿಲ್ಸಿ ಬೈಬೇಕು ಅಂತ. ಇನ್ನು ನಾನು ಯಾರನ್ನ ಬೈಲಿ?"

ಒಲಿಂಪಿಯಾ ತಾಯಿಯ ಭುಜ ಬಳಸಿ ಹಿಡಿದು, ಹಿಂದೆ ಬಿಟ್ಟು ಬಂದ ಮನೆಯ ಕಡೆ ಗಲ್ಲ ತೋರಿಸಿದಳು. "ಅಲ್ಲೊಬ್ಬ ಇದಾನಲ್ಲಮ್ಮ. ಗುಂಡುಕಲ್ಲಿನ ಹಂಗಿದಾನೆ."

ಸಫ್ತಾ ಆ ಮನೆಯ ಕಡೆ ತಿರುಗಿ ನೋಡಿದಳು. ಆಮೇಲೆ ಚರ್ಚಿನ ಒಳಗೆ ಹೋಗಿ, ಬಲಿಪೀಠ ಒರೆಸುತ್ತಿದ್ದ ಪಾದ್ರಿಯಿಂದ ತನ್ನ ಪುಸ್ತಕವನ್ನೂ ಪೆನ್ನನ್ನೂ ಕೇಳಿ ಇಸಿದುಕೊಂಡಳು. ಎಡ ಪುಟದ ಮೊದಲ ಹೆಸರನ್ನು ನಿಧಾನವಾಗಿ ಹೊಡೆದುಹಾಕಿ, ಬಲ ಪುಟದ ಕೊನೆಯಲ್ಲಿ ದುಂಡಗೆ ಬರೆದಳು. ಅದರ ಮೇಲೆ ಬಿದ್ದ ಕಣ್ಣೀರಿನ ಹನಿಯನ್ನು ಊದಿ ಒಣಗಿಸಿದಳು. ಮತ್ತೆ ಎಡ ಪುಟಕ್ಕೆ ಬಂದು, ಖಾಲಿಯಾದ ಜಾಗದ ಪಕ್ಕದಲ್ಲಿ ಒತ್ತಿ ಒತ್ತಿ ಇನ್ನೊಂದು ಹೆಸರು ಬರೆದು ಪುಸ್ತಕವನ್ನು ಇಸಾಯಾನ ಕೈಗಿಟ್ಟಳು.

"ಮಿತ್ರಾಕೆ," ಎಂದು ಓದಿದ ಪಾದ್ರಿ. "ಇವರಿಗೆ ಏನು ಬೇಡ್ಕೋಬೇಕಮ್ಮ?"

"ದೀರ್ಘಾಯಸ್ಸು," ಎಂದಳು ಸಫ್ತಾ. "ಕಿವಿ ಮಾತ್ರ ಚೆನ್ನಾಗಿ ಕೇಳಿಸ್ತಿರ್ಲಿ."