ಯಾವ ಸಿಳ್ಳೆ?

ಡೈರೆಕ್ಟರು ಕಿವಿಗೆ ಬೆರಳು ತುರುಕಿಕೊಂಡರು, ಓಹೋ ಇವರಿಗೂ ತಟ್ಟಿತು ಅಂತ ನನಗೆ ಒಳಗೊಳಗೇ ನಗು, ಪರದೆಯ ಮೇಲೆ ಗೋಡೆ, ಬರೀ ಗೋಡೆ, ಅದರ ಸುಣ್ಣ ಉದುರುವುದನ್ನೇ ತೋರಿಸುವ ಸಿನಿಮಾ, ಹೀರೋ ಇಲ್ಲ, ವಿಲನ್ ಇಲ್ಲ, ಚಪ್ಪಾಳೆ ಹೊಡೆಯೋಣವೆಂದರೆ ಒಂದು ಡೈಲಾಗೂ ಇಲ್ಲ, ಇರುವುದೆಲ್ಲ ಅಪ್ಪನ ಸದ್ದು, ಒಂದು ವಾದ್ಯವನ್ನೂ ಮುಟ್ಟದೆ ಬರೀ ಕರೆಂಟಿನಿಂದ ಹುಟ್ಟಿಸಿದ್ದು, ಅಪ್ಪ ಮೆಷಿನ್ನಿನ ಗುಂಡಿ ತಿರುಗಿಸಿ ಗುಂಯ್ ಅನ್ನಿಸುವುದು, ನಾನು ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸುವುದು, ಕಾಲೇಜು ಬಿಟ್ಟಾಗಿನಿಂದ ಇದೇ ನನ್ನ ಉದ್ಯೋಗ, ಟೇಪಿನ ಉದ್ದನೆಯ ಕುಣಿಕೆ ಅಡುಗೆಮನೆ ಬಾಗಿಲಿನ ಹಿಡಿ ಸುತ್ತಿ ಓಡುತ್ತಿದ್ದರೆ ಅಮ್ಮ ಅದರ ಕೆಳಗೆ ಬಗ್ಗಿ ದಾಟುತ್ತಾ, ಏನ್ರೀ ಇದು ಮನೆನೋ ಸರ್ಕಸ್ಸೋ — ಗೋಡೆ ಬಿರುಕು ಬಿಡುತ್ತಿದೆ, ಗುಂಯ್ ಅನ್ನುವುದು ಅಂಗಾಲಿನಿಂದ ಏರುತ್ತಿದೆ, ಎಷ್ಟು ಚೆನ್ನಾಗಿದೆ, ಅದರ ಮೇಲೆ ಆ ಸಿಳ್ಳೆ, ಸೂಜಿಯ ಹಾಗೆ, ಹಲ್ಲಿನ ಬೇರಿಗೇ ಚುಚ್ಚುವಂಥದ್ದು, ಮೊದಲ ರೀಲಿನಿಂದ ಬಿಟ್ಟೇ ಇಲ್ಲ, ನಾನಂತೂ ಕಿವಿಗೆ ಹತ್ತಿ ಇಟ್ಟುಕೊಂಡೇ ಅಂಟಿಸಿದ್ದು, ಹತ್ತಿ ಯಾಕೇ ಕಪಿ ಅಂದರು ಅಪ್ಪ, ತಮ್ಮ ಕಲೆ ತಾಳೋ ಶಕ್ತಿ ಈ ಬಡ ಕಿವಿಗಳಿಗಿಲ್ಲ ಮಹಾಪ್ರಭು ಅಂದೆ, ನಕ್ಕರು.

ದೀಪ ಹತ್ತಿತು, ಡೈರೆಕ್ಟರ ಹಿಂದೆಯೇ ಹೊರಗೆ ಬಂದೆ, ಅಪ್ಪ ಬೆಂಚಿನ ಮೇಲೆ, ತಾವು ಸದ್ದು ಕೊಟ್ಟ ಸಿನಿಮಾ ಒಳಗೆ ಕೂತು ನೋಡುವವರಲ್ಲ, ಪರೀಕ್ಷೆ ಬರೆದ ಹುಡುಗನ ಮುಖ, ಡೈರೆಕ್ಟರು ಹೇಳುತ್ತಾರೆ, ಯಜಮಾನ್ರೇ ಮಿಕ್ಕಿದ್ದೆಲ್ಲ ಬೆಂಕಿ, ಆ ಸಿಳ್ಳೆ ಒಂದು ತೆಗೆದುಬಿಡಿ, ತಲೆ ಸಿಡೀತಿದೆ, ಅದಕ್ಕೆ ಅಪ್ಪ, ಯಾವ ಸಿಳ್ಳೆ, ಅಲ್ಲಿರೋದು ಒಂದು ಸಣ್ಣ ಎಳೆ ಅಷ್ಟೆ, ಕಿವಿಗೊಟ್ರೆ ಮಾತ್ರ ಕೇಳೋದು — ಸಣ್ಣ ಎಳೆ ಅಂತೆ, ಸ್ಪೀಕರಿಗೆ ಕಿವಿ ಅಂಟಿಸಿ, ಸಾಲದು ಇನ್ನೂ ಸಾಲದು ಅಂತ ಗುಂಡಿ ಏರಿಸುತ್ತಲೇ ಇದ್ದರಲ್ಲ, ಪಕ್ಕದಲ್ಲಿ ಹತ್ತಿ ತುರುಕಿಕೊಂಡು ನಾನು ಅದನ್ನು ಕಲೆ ಅಂದುಕೊಂಡೆನಲ್ಲ, ಡೈರೆಕ್ಟರು ಅಪ್ಪನನ್ನು ನೋಡುವ ರೀತಿ ಬದಲಾಗುತ್ತಿದೆ, ಇನ್ನೊಂದು ಕ್ಷಣ ಬಿಟ್ಟರೆ ಅರ್ಥವಾಗಿಬಿಡುತ್ತದೆ, ಅರ್ಥವಾದರೆ ಈ ಸಿನಿಮಾ ಹೋಯಿತು, ಆಮೇಲೆ ಯಾರೂ ಬರುವುದಿಲ್ಲ, ಆ ಮೆಷಿನ್ನು ಬಿಟ್ಟರೆ ಅಪ್ಪ ಅಂತ ಏನು ಉಳಿಯುತ್ತದೆ — ಎರಡೂ ಕೈ ಎತ್ತಿದೆ, ಸ್ವಾಮಿ, ಈ ಕೊಲೆ ಮಾಡಿದ್ದು ನಾನು, ಅವರು ನಿರಪರಾಧಿ, ಡೈರೆಕ್ಟರು ತಿರುಗಿದರು, ಅಪ್ಪ ಮುಗಿಸಿದ ಮೇಲೆ ನಾನೇ ಜೋರು ಮಾಡಿದೆ ಸಾರ್, ನೀವು ಕುರ್ಚಿಯಿಂದ ಹಾರ್ತೀರಾ ನೋಡೋಣ ಅಂತ, ಒಂದು ತಮಾಷೆ, ನಂಬಿದರು, ನಂಬದೆ ಇನ್ನೇನು, ಹೋದ ಸಲ ಇವರ ಟೀಗೆ ಉಪ್ಪು ಹಾಕಿದವಳು ನಾನೇ, ಇಂಥ ಮಗಳನ್ನ ಹೆಂಗ್ರೀ ಸಾಕ್ತೀರಿ ಅಂದರು, ಸೋಮವಾರ ಸರಿ ಮಾಡಿ ಕೊಡಿ ಅಂದರು, ಹೋದರು.

ಅಪ್ಪ ಬೈಯುತ್ತಾರೆ ಅಂದುಕೊಂಡೆ, ಆದರೆ ಆ ಮುಖದ ಮೇಲೆ ಎಂಥ ಹಗುರ, ನಂಗೇ ಒಂದು ಗಳಿಗೆ ಜೀವ ಹೋಗಿತ್ತು ಕಣೆ ಅಂದರು, ಆಮೇಲೆ ಬೈದರು, ಇನ್ನು ನನ್ನ ಟೇಪು ಮುಟ್ಟಬೇಡ, ನಾಳೆಯಿಂದ ಬೇರೆ ಕೆಲಸ ಹುಡುಕ್ಕೋ, ಸರಿ ಅಪ್ಪ, ಕಿವಿಯ ವಿಷಯ ಈಗ ಹೇಳಬೇಕಿತ್ತು, ಬೈಗುಳದ ನಡುವೆ ಎಲ್ಲಾದರೂ ತೂರಿಸಬೇಕಿತ್ತು, ಮನೆಗೆ ಬಂದವರೇ ಅಪ್ಪ ಚಪ್ಪಲಿ ಬಿಡದೆ ಮೆಷಿನ್ನಿನ ಮುಂದೆ, ನಾನು ಹೊಸ್ತಿಲ ಈಚೆ, ಬಾ ಇಲ್ಲಿ, ನೋಡು ಎಷ್ಟಿರಬೇಕಿತ್ತು ಅಂತ, ಗುಂಡಿ ತಿರುಗುತ್ತಿದೆ, ಸಿಳ್ಳೆ ಶುರುವಾಯಿತು, ಏರುತ್ತಿದೆ, ಹಲ್ಲು ಕಚ್ಚಿಕೊಂಡೆ, ಕಿವಿ ಮುಚ್ಚುವ ಹಾಗಿಲ್ಲ, ನನ್ನನ್ನೇ ನೋಡುತ್ತಿದ್ದಾರೆ, ಇನ್ನೂ ಏರುತ್ತಿದೆ, ಅಪ್ಪ ಬಗ್ಗಿ ಸ್ಪೀಕರಿಗೆ ಕಿವಿ ಅಂಟಿಸಿದರು, ಕಣ್ಣು ಮುಚ್ಚಿದರು, ಇನ್ನೂ, ನನ್ನ ಕಣ್ಣಲ್ಲಿ ನೀರು, ಇನ್ನೂ, ಹಾಂ ಬಂತು, ಕೇಳಿಸ್ತಾ, ಎಷ್ಟು ಸಣ್ಣದು — ಸ್ಪೀಕರಿಗೆ ಅಂಟಿದ ಆ ಕಿವಿ, ಮಲಗಿದ ಮಗುವಿನ ಉಸಿರು ಕೇಳಿಸಿಕೊಳ್ಳುವ ಹಾಗೆ ಆ ಮುಖ, ಆ ಕಿವಿ