ಹುಲ್ಲು ತುಂಬಿದ ಕರು

ಗುಮ್ಮಳಾಪುರದ ಮುನಿರತ್ನಳ ಸೀಮೆ ಹಸು ಮೂರನೇ ಸಲ ಈದಾಗ ಗಂಡುಕರು ಹುಟ್ಟಿತು. ಅತ್ತೆ ದೊಡ್ಡಮುನಿಯಮ್ಮ ಕೊಟ್ಟಿಗೆಯ ಬಾಗಿಲಲ್ಲೇ ನಿಂತು ನೋಡಿ, "ಹೋರಿ ಕಣಮ್ಮಿ" ಎಂದು ಒಳಗೆ ಹೋಗಿಬಿಟ್ಟಳು. ಹೆಣ್ಣಾಗಿದ್ದರೆ ಅರಿಶಿನ ಕುಂಕುಮ ತರುತ್ತಿದ್ದಳು.

ಉಳುಮೆಯೆಲ್ಲ ಟ್ರ್ಯಾಕ್ಟರಿನ ಪಾಲಾದಮೇಲೆ ಊರಲ್ಲಿ ಹೋರಿಗರುವಿಗೆ ಕೆಲಸವಿರಲಿಲ್ಲ. ಹಾಗಂತ ಯಾರೂ ಅದನ್ನು ಕೊಲ್ಲುತ್ತಿರಲಿಲ್ಲ; ಆ ಮಾತು ಆಡಿದರೇ ಕೆನ್ನೆ ಬಡಿದುಕೊಳ್ಳುತ್ತಿದ್ದರು. ಕುಡಿಯುವುದಕ್ಕೆ ಒಂದಿಷ್ಟು ಕಡಿಮೆ ಬಿಡುತ್ತಿದ್ದರು, ಅಷ್ಟೇ. ಮುನಿರತ್ನಳೂ ಹಾಗೇ ಮಾಡಿದಳು. ಮೊದಲ ದಿನಗಳ ಹಾಲಿನಲ್ಲಿ ಗಿಣ್ಣು ಮಾಡಿ ಬೀದಿಗೆಲ್ಲ ಹಂಚಿದಳು. ಆಮೇಲೆ ಕರುವನ್ನು ಕೆಚ್ಚಲಿಗೆ ಬಿಟ್ಟು, ಹಾಲು ಇಳಿಯುತ್ತಲೇ ಎಳೆದು ಗೂಟಕ್ಕೆ ಕಟ್ಟುವಳು. ಕರೆದು ಮುಗಿದಮೇಲೆ ಉಳಿದ ನಾಲ್ಕು ಹನಿ ಅದರದು. ಅದು ಅವಳ ಸೀರೆಯ ಅಂಚು ಹಿಡಿದು ಚೀಪುತ್ತಿತ್ತು.

ಹದಿನೆಂಟನೇ ದಿನ ಅದಕ್ಕೆ ಭೇದಿ ಹತ್ತಿತು. ಗಂಡ ಮುನೀಶನಿಗೆ ಹೊಸೂರಿನ ಫ್ಯಾಕ್ಟರಿಯಲ್ಲಿ ಮೊದಲ ಶಿಫ್ಟು. ಬೈಕಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗಿ, ಅಲ್ಲಿನ ಮೂರು ಮನೆಗೆ ಹಾಕಿ, ಆಮೇಲೆ ಕೆಲಸಕ್ಕೆ ಹೋಗುತ್ತಿದ್ದ.

"ದನದ ಡಾಕ್ಟ್ರಿಗೆ ಫೋನ್ ಮಾಡ್ಲಾ?" ಎಂದು ಮುನಿರತ್ನ ಅವನನ್ನು ಕೇಳಿದಳು.

"ಹೆಣ್ಗರು ಆಗಿದ್ರೆ ನಾನೇ ಹೋಗಿ ಕರ್ಕೊಂಬತ್ತಿದ್ದೆ. ಇವತ್ತೊಂದಿನ ನೋಡಾನ ತಡಿ."

ಅವಳು ನೋಡಿದಳು. ಮಾರನೇ ದಿನವೂ ನೋಡಿದಳು. ಡಾಕ್ಟರ ನಂಬರು ಅವಳ ಫೋನಿನಲ್ಲೇ ಇತ್ತು. ಮೂರನೇ ದಿನ ಮಧ್ಯಾಹ್ನ ಕರು ಸತ್ತುಹೋಯಿತು.

ಕರುವಿಲ್ಲದೆ ಹಸು ಹಾಲು ಇಳಿಸಲಿಲ್ಲ. ಕೈ ಹಾಕಿದರೆ ಒದೆಯಿತು, ಎರಡು ದಿನ ಬಿಡದೆ ಅಂಬಾ ಎಂದಿತು. ಮುನೀಶ್ ಸತ್ತ ಕರುವಿನ ಚರ್ಮ ಸುಲಿಸಿ, ಉಪ್ಪು ಸವರಿಸಿ, ಒಳಗೆ ಹುಲ್ಲು ತುಂಬಿಸಿ ಹೊಲಿಸಿಕೊಂಡು ಬಂದ. ಕಾಲಿನ ಜಾಗದಲ್ಲಿ ನಾಲ್ಕು ಕೋಲು. ಹಿಂದಿನವರು ಹೀಗೇ ಮಾಡುತ್ತಿದ್ದರಂತೆ. ಮುಂದೆ ತಂದು ನಿಲ್ಲಿಸಿದಾಗ ಹಸು ಮೂಸಿತು, ಸುಮ್ಮನಾಯಿತು, ನೆಕ್ಕತೊಡಗಿತು. ಕೆಚ್ಚಲು ತುಂಬಿಕೊಂಡಿತು.

ಮುನಿರತ್ನ ಕೂತು ಕರೆದಳು. ಕಿವಿಯ ಪಕ್ಕದಲ್ಲೇ ಆ ಒರಟು ನಾಲಗೆಯ ಸದ್ದು. ದಿನಾ ಎರಡು ಹೊತ್ತು ಅದೇ ಸದ್ದು. ವಾರ ಕಳೆಯುವುದರೊಳಗೆ ನೆಕ್ಕಿದ ಜಾಗದಲ್ಲಿ ಕೂದಲು ಉದುರಿತು. ಅವಳು ಹಾಲು ಹಾಕಿದ ಕಾಫಿ ಕುಡಿಯುವುದನ್ನೇ ಬಿಟ್ಟಳು.

"ಯಾಕಮ್ಮಿ ಹಾಲು ಬುಟ್ಬುಟ್ಟೆ?" ಎಂದಳು ಅತ್ತೆ. "ನಾವೇನು ಅದರ ಕತ್ತು ಕುಯ್ದ್ವಾ? ಅದರ ಆಯಸ್ಸು ಅಷ್ಟೇ ಇತ್ತು."

"ಕುಯ್ದಿದ್ರೆ ಒಂದೇ ಗಳಿಗೆ ಅತ್ತೆ. ನಾವು ಮೂರು ವಾರ ತಗಂಡ್ವಿ."

ದೊಡ್ಡಮುನಿಯಮ್ಮ ಅವಳನ್ನೇ ನೋಡಿ, ಎದ್ದು ಹೋದಳು.

ಆ ಭಾನುವಾರ ಮುನಿರತ್ನ ಗಂಡನ ಜೊತೆ ಹೊಸೂರಿಗೆ ಹೋದಳು. ಹಾಲು ಹಾಕಿಸಿಕೊಳ್ಳುತ್ತಿದ್ದ ತುಳಸಮ್ಮ ನಿವೃತ್ತ ಟೀಚರು. ಮೊಟ್ಟೆ ಬಿದ್ದಿದೆ ಎಂದು ಮೊಮ್ಮಗಳ ಹುಟ್ಟುಹಬ್ಬದ ಕೇಕನ್ನೂ ಮುಟ್ಟದವರು.

"ಬಾರೇ ರತ್ನಾ. ನಿನ್ನ ಹಾಲನ್ನ ದೇವರಿಗೆ ಇಡೋಕೆ ಮನಸ್ಸು ಬರುತ್ತೆ ನೋಡು. ಕರು ಚೆನ್ನಾಗಿದೆಯಾ?"

ಮುನಿರತ್ನ ಬಾಗಿಲ ಪಕ್ಕ ಕೂತು ಎಲ್ಲವನ್ನೂ ಹೇಳಿದಳು. ನಾಲ್ಕು ಹನಿಯನ್ನು, ಮಾಡದೆ ಉಳಿದ ಫೋನನ್ನು, ಕೋಲಿನ ಕಾಲುಗಳನ್ನು. ತುಳಸಮ್ಮ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು.

"ಇದನ್ನ ನನಗ್ಯಾಕೆ ಹೇಳಿದೆ?"

"ಯಾರಿಗಾದ್ರೂ ಹೇಳ್ಬೇಕಿತ್ತಮ್ಮ. ನಮ್ಮೂರಾಗೆ ಹೇಳಿದ್ರೆ ನಗ್ತಾರೆ."

"ಇಷ್ಟು ವರ್ಷ ನಾನು ಯಾವ ಪ್ರಾಣಿಗೂ ಕೇಡು ಮಾಡಿಲ್ಲ ಅಂತ..." ಎಂದವರು ಒಳಗೆ ಹೋದರು. ಮಾರನೇ ದಿನ ಮುನೀಶ್ ಬಂದು, ಆಯಮ್ಮ ಅರ್ಧ ಲೀಟರು ಕಮ್ಮಿ ಮಾಡಿದ್ದಾರೆ, ಮಗುವಿಗಷ್ಟೇ ಸಾಕಂತೆ, ಎಂದ.

ಅಂದೇ ಸಂಜೆ ಮುನಿರತ್ನ ಹುಲ್ಲಿನ ಕರುವನ್ನು ಎತ್ತಿಕೊಂಡು ಹೋಗಿ ಹೊಲದ ಬದುವಿನಲ್ಲಿ ಹೂತು ಬಂದಳು. ಹಾಲು ಅರ್ಧಕ್ಕಿಳಿಯಿತು, ಹತ್ತೇ ದಿನಕ್ಕೆ ಬತ್ತಿತು.

"ಹಾಲು ಬ್ಯಾಡ ಅಂದ್ರೆ ಹಸೂನ ಯಾತಕ್ಕೆ ಸಾಕ್ತೀವಿ ಹೇಳು?" ಮುನೀಶ್ ಕೂಗಾಡಿದ.

 ಹೂತು ಬಂದರೂ ಅವಳ ಮನಸ್ಸು ಹಗುರಾಗಲಿಲ್ಲ. ಹಸು ಆ ಖಾಲಿ ಜಾಗವನ್ನು ಮೂಸಿ ಮೂಸಿ ಇವಳತ್ತ ತಿರುಗುತ್ತಿತ್ತು. ಮೊದಲು ಕರುವನ್ನು ಕಿತ್ತುಕೊಂಡೆ, ಈಗ ನೆಕ್ಕುವುದಕ್ಕಿದ್ದ ತೊಗಲನ್ನೂ ಕಿತ್ತುಕೊಂಡೆ ಎನಿಸಿ ಅವಳು ಮುಖ ತಿರುಗಿಸುವಳು.

ಮುಂದಿನ ವರ್ಷ ಹಸು ಮತ್ತೆ ಈದಿತು. ಮತ್ತೆ ಹೋರಿ. ಈ ಸಲ ಮುನಿರತ್ನ ಎರಡು ಮೊಲೆಗೆ ಕೈ ಹಚ್ಚಲಿಲ್ಲ. "ಅದು ಅದರ ಪಾಲು" ಎಂದಳು, ಮನೆಯಲ್ಲಿ ಯಾರೂ ಎದುರಾಡಲಿಲ್ಲ. ಕರು ಮೈತುಂಬಿ ಬೆಳೆಯಿತು. ಅವಳು ಎಲ್ಲಿಗೆ ಹೋದರೂ ಹಿಂದೆಯೇ ಬರುತ್ತಿತ್ತು.

ವರ್ಷ ತುಂಬುವಷ್ಟರಲ್ಲಿ ಎರಡು ದನಕ್ಕಾಗುವಷ್ಟು ಮೇವು ಮನೆಯಲ್ಲಿರಲಿಲ್ಲ. ಮುನೀಶ್ ದಲ್ಲಾಳಿಯನ್ನು ಕರೆತಂದ. ಎಲ್ಲಿಗೆ ಒಯ್ಯುತ್ತಾರೆಂದು ದಲ್ಲಾಳಿ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಟೆಂಪೋ ಹತ್ತಿಸಲು ಇಬ್ಬರು ಎಳೆದರೂ ಹೋರಿ ಜಗ್ಗಲಿಲ್ಲ.

"ನೀನೇ ಒಸಿ ಕರಿಯೇ" ಎಂದ ಮುನೀಶ್, ನೆಲ ನೋಡುತ್ತಾ.

ಮುನಿರತ್ನ ಹಲಗೆಯ ಮೇಲೆ ಹೆಜ್ಜೆಯಿಟ್ಟು ಟೆಂಪೋದೊಳಗೆ ಹೋಗಿ ನಿಂತಳು. ಬಾಯಿ ಬಿಟ್ಟು ಕರೆಯಲೂ ಇಲ್ಲ. ಅದು ತಾನಾಗಿಯೇ ಅವಳ ಹಿಂದೆ ಹತ್ತಿ ಬಂತು.