ಬಾನೆಟ್ ಮೇಲಿನ ಮೂರು ಬೆರಳು

ಅವತ್ತು ಬೆಳಿಗ್ಗೆ ನಮ್ಮವರು ಹಾಸಿಗೆಯಿಂದ ಎದ್ದು ಮಾಡಿದ ಮೊದಲ ಕೆಲಸ ಕಾರಿನ ಕೀಲಿ ಹುಡುಕಿದ್ದು. ಕೀಲಿ ನನ್ನ ಸ್ವೆಟರಿನ ಜೇಬಿನಲ್ಲಿತ್ತು. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಬುದ್ಧಿ ಗೊತ್ತಿರುವುದಿಲ್ಲವೇ?

"ರತ್ನಾ, ಎಂಜಿನ್ ಸ್ವಲ್ಪ ಬಿಸಿ ಮಾಡಿಟ್ರ ಛಲೋ ಅಲ್ಲೇನ? ಆ ಮನಷ್ಯಾ ಬಂದಾಗ ಒಂದ ಸಲಕ್ಕ ಸ್ಟಾರ್ಟ್ ಆಗಬೇಕ ನೋಡು."

"ತಣ್ಣಗಿದ್ದಾಗ ಸ್ಟಾರ್ಟ್ ಆಗ್ತೈತೋ ಇಲ್ಲೋ ಅಂತ ನೋಡಾಕ ಆತ ಬರಾಕತ್ತಾನ. ನೀವು ಸುಮ್ನ ಚಾ ಕುಡೀರಿ."

ಮುಖ ಊದಿಸಿಕೊಂಡು ಚಹಾ ಕುಡಿಯುತ್ತ ಕೂತರು. ಹೈಸ್ಕೂಲಿನಲ್ಲಿ ಕಬಡ್ಡಿ ಆಡುವಾಗ ಮುರಿದ ಅವರ ಬಲಗೈಯ ಉಂಗುರ ಬೆರಳು ಇವತ್ತಿಗೂ ನೆಟ್ಟಗಾಗಿಲ್ಲ. ಚಹಾದ ಕಪ್ ಹಿಡಿದರೆ ಅದೊಂದು ಬೆರಳು ಉಳಿದವುಗಳ ಜೊತೆ ಸೇರದೆ ಕೆಳಗೆ ಬಾಗಿ ನಿಲ್ಲುತ್ತದೆ.

ಕಾರು ಎಂದರೆ ಅಂತಿಂಥ ಕಾರಲ್ಲ. 1972ರ ವ್ಯಾಲಿಯಂಟ್ ಚಾರ್ಜರ್. ಎರಡೇ ಬಾಗಿಲು, ಉದ್ದನೆಯ ಮೂತಿ, ಕಿತ್ತಳೆ ಬಣ್ಣ. ಎಕ್ಸಿಲರೇಟರ್ ಒತ್ತಿದರೆ ಪಕ್ಕದ ಮನೆಯ ಕಿಟಕಿ ಗಡಗಡ ಅನ್ನಬೇಕು, ಅಂಥ ಎಂಜಿನ್. ಇಲ್ಲೇ ನ್ಯೂಜಿಲೆಂಡಿನ ವೈಕಾಟೊ ಕಡೆಯ ಒಬ್ಬ ರೈತನ ಶೆಡ್ಡಿನಲ್ಲಿ ಹುಲ್ಲಿನ ಪೆಂಡಿಗಳ ಹಿಂದೆ ಬಿದ್ದಿತ್ತು, ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು. ನಮ್ಮವರು, ಬಸವರಾಜ್, ಐಟಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರು. ಗದಗಿನಲ್ಲಿ ಹುಡುಗನಾಗಿದ್ದಾಗ ಯಾವುದೋ ಹಳೆಯ ಕ್ಯಾಲೆಂಡರಿನಲ್ಲಿ ಇದೇ ಕಾರಿನ ಚಿತ್ರ ನೋಡಿದ್ದರಂತೆ. ಕೊಂಡು ತಂದರು. ಆಕ್ಲೆಂಡಿನ ಮೌಂಟ್ ಆಲ್ಬರ್ಟಿನ ನಮ್ಮ ಗ್ಯಾರೇಜಿನಲ್ಲಿ ನಿಲ್ಲಿಸಿ, ಅದಕ್ಕೆ ಒರಗಿ ಫೋಟೊ ತೆಗೆಸಿಕೊಂಡರು. ಅಲ್ಲಿಗೆ ಅವರ ಕೆಲಸ ಮುಗಿಯಿತು.

ಉಳಿದದ್ದನ್ನೆಲ್ಲ ಮಾಡಿದವಳು ನಾನು, ರತ್ನಪ್ರಭಾ. ಹಗಲೆಲ್ಲ ವಿಮೆಯ ಆಫೀಸಿನಲ್ಲಿ ಕೂತು ಅಪಘಾತವಾದ ಕಾರುಗಳ ಫೈಲು ನೋಡುವುದು ನನ್ನ ನೌಕರಿ. ನಜ್ಜುಗುಜ್ಜಾದ ಕಾರುಗಳ ಫೋಟೊ ನೋಡೀ ನೋಡೀ, ಇದನ್ನು ಸರಿಮಾಡುವುದು ಹೇಗೆ ಎಂಬ ಹುಚ್ಚು ಹಿಡಿಯಿತು. ಸಂಜೆಯ ಟಿಂಕರಿಂಗ್ ಕ್ಲಾಸಿಗೆ ಸೇರಿದೆ. ಮೊದಲ ದಿನ ಮೇಷ್ಟ್ರು, "ಕೇಕ್ ಅಲಂಕಾರದ ಕ್ಲಾಸು ಪಕ್ಕದ ಕೋಣೆಯಲ್ಲಿ" ಎಂದು ಬಾಗಿಲು ತೋರಿಸಿದರು. ನಾನು ಬಾಗಿಲು ಹಾಕಿ ಒಳಗೇ ಕೂತೆ.

ತುಕ್ಕು ಕತ್ತರಿಸಿದೆ, ಹೊಸ ತಗಡು ಬೆಸೆದೆ, ಉಜ್ಜಿದೆ, ಬಣ್ಣ ಹೊಡೆದೆ. ಭಾನುವಾರ ನಮ್ಮವರ ಗೆಳೆಯರು ಬಂದು ಗಿರಮಿಟ್ಟು ತಿನ್ನುತ್ತ ಗ್ಯಾರೇಜಿನಲ್ಲಿ ಕೂರುತ್ತಿದ್ದರು. ನಮ್ಮವರು ಕೈಯಲ್ಲಿ ಬೋಲ್ಟು ತಿರುಗಿಸುವ ಪಾನಾ ಹಿಡಿದು "ಇಲ್ಲಿ ನೋಡ್ರಿ, ಇದನ್ನ ಹಿಂಗ ಮಾಡೀವಿ, ಅದನ್ನ ಹಂಗ ಮಾಡೀವಿ" ಎಂದು ವಿವರಿಸುತ್ತಿದ್ದರು. ನಾನು ತಲೆಗೂದಲ ತುಂಬ ಧೂಳು ತುಂಬಿಕೊಂಡು ಕಾರಿನ ಅಡಿಯಲ್ಲಿ ಮಲಗಿರುತ್ತಿದ್ದೆ. ಗೆಳೆಯರು ಹೋಗುವಾಗ "ಅಕ್ಕಾರ, ಗಿರಮಿಟ್ಟು ಭಾಳ ಛಲೋ ಆಗಿತ್ತು" ಎನ್ನುತ್ತಿದ್ದರು.

ಮಾರಾಟದ ಜಾಹೀರಾತಿನಲ್ಲಿ ನಮ್ಮವರು ಬರೆದದ್ದು, "ಮಾಲೀಕ ಬಸವರಾಜ್ ಸ್ವತಃ ಕೈಯಾರೆ ಮರುನಿರ್ಮಿಸಿದ ಕಾರು." ಓದಿ ನನ್ನ ಮೈ ಉರಿದುಹೋಯಿತು.

"ಹೆಂಗಸರು ಮಾಡ್ಯಾರಂದ್ರ ಯಾರ ನಂಬತಾರ ರತ್ನಾ? ಮೊದಲ ಮಾರಾಟ ಆಗ್ಲಿ, ಆಮ್ಯಾಲ ಎಲ್ಲಾರಿಗೂ ಹೇಳೂಣು."

ಆಮೇಲೆ ಹೇಳಿದರೆ ನನಗೇನು ಬಂತು? ನ್ಯೂ ನಾರ್ತ್ ರೋಡಿನ ಹಿಂದೆ ಒಂದು ಶೆಡ್ಡು ಖಾಲಿ ಇದೆ. ನೌಕರಿ ಬಿಟ್ಟು ಅಲ್ಲಿ ಹಳೆಯ ಕಾರುಗಳಿಗೆ ಮತ್ತೆ ಜೀವ ಕೊಡುವ ಕೆಲಸ ಶುರುಮಾಡಬೇಕೆಂಬುದು ನನ್ನ ಆಸೆ. ಈ ಚಾರ್ಜರ್ ನನ್ನ ಕೈಕೆಲಸ ಎಂದು ನಾಲ್ಕು ಜನಕ್ಕೆ ಗೊತ್ತಾದರೆ ಮಾತ್ರ ಯಾರಾದರೂ ಮುಂದಿನ ಕಾರನ್ನು ನನಗೆ ನಂಬಿ ಕೊಡುತ್ತಾರೆ. ಅವತ್ತು ಬರಬೇಕಿದ್ದ ವಿರೆಮು ಆಕ್ಲೆಂಡಿನಲ್ಲಿ ಹಳೆಯ ಕಾರುಗಳ ಪರೀಕ್ಷೆಗೆ ಹೆಸರಾದವನು. ಡನೀಡಿನ್‌ನಲ್ಲಿ ಕೂತ ಗಿರಾಕಿಯೊಬ್ಬ ತನ್ನ ಪರವಾಗಿ ನೋಡಿ ಬಾ ಎಂದು ಆತನನ್ನು ಕಳಿಸುತ್ತಿದ್ದ. ಅವನು ಬರೆದುಕೊಡುವ ವರದಿಯಲ್ಲಿ ಯಾರ ಹೆಸರಿರುತ್ತದೋ ಕಾರು ಅವರ ಕೈಕೆಲಸ ಎಂದೇ ಲೆಕ್ಕ. ಅಲ್ಲಿ ನನ್ನ ಹೆಸರು ಬರಬೇಕು. ನನಗೆ ಬೇಕಾದದ್ದು ಅಷ್ಟೇ.

ವಿರೆಮು ಸಾಮಾನು ಹೇರುವ ತನ್ನ ಗಾಡಿ ಯೂಟ್‌ನಿಂದ ಇಳಿದವನೇ ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು. ತಲೆಯಾಡಿಸಿದ. ನಾನು ನಮ್ಮವರ ಕಡೆ ನೋಡಿದೆ, ಅವರು ಆಕಾಶದ ಕಡೆ ನೋಡಿದರು.

ಆಮೇಲೆ ಶುರುವಾಯಿತು ಪರೀಕ್ಷೆ. ಬಾಗಿಲಿಗೂ ಮಡ್‌ಗಾರ್ಡಿಗೂ ನಡುವಿನ ಸಂದಿನಲ್ಲಿ ಹೆಬ್ಬೆರಳು ಎಳೆದು, ಮೇಲಿಂದ ಕೆಳಗಿನ ತನಕ ಒಂದೇ ಸಮ ಇದೆಯೇ ಎಂದು ನೋಡಿದ. ಬಟ್ಟೆ ಸುತ್ತಿದ ಮ್ಯಾಗ್ನೆಟ್ ತೆಗೆದು ಬಾಗಿಲ ಕೆಳಗಿನ ಪಟ್ಟಿಯ ಉದ್ದಕ್ಕೂ ಹಚ್ಚುತ್ತ ಹೋದ. ತುಕ್ಕು ತಿಂದ ಜಾಗಕ್ಕೆ ಪುಟ್ಟಿ ಮೆತ್ತಿ ಬಣ್ಣ ಬಳಿದು ಮಾರುವವರು ಬೇಕಾದಷ್ಟು ಜನ, ಪುಟ್ಟಿ ಇದ್ದಲ್ಲಿ ಮ್ಯಾಗ್ನೆಟ್ ಹಿಡಿಯುವುದಿಲ್ಲ. ನಮ್ಮ ಕಾರಿಗೆ ಎಲ್ಲಿ ಇಟ್ಟರೂ ಟಕ್ ಎಂದು ಅಂಟಿಕೊಂಡಿತು. ಪ್ರತಿ ಟಕ್ಕಿಗೂ ನನ್ನ ಎದೆ ಒಂದೊಂದು ಅಂಗುಲ ಉಬ್ಬಿತು, ಸುಳ್ಳೇಕೆ ಹೇಳಲಿ?

ಪ್ರಶ್ನೆಗಳನ್ನೆಲ್ಲ ಆತ ಇಂಗ್ಲಿಷಿನಲ್ಲಿ ಕೇಳುತ್ತಿದ್ದದ್ದು ನಮ್ಮವರನ್ನು. ಜಾಹೀರಾತಿನಲ್ಲಿ ಇದ್ದದ್ದು ಅವರ ಹೆಸರಲ್ಲವೇ?

"ಹಿಂದಿನ ಚಕ್ರದ ಕಮಾನಿಗೆ ತಗಡು ಎಲ್ಲಿಂದ ತಂದಿರಿ?"

ನಮ್ಮವರು ಕೆಮ್ಮಿದರು. ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಎಲ್ಲಿಂದ ತಂದಿದ್ವಿ?"

"ತರಲಿಲ್ಲ. ನಾನ ಬಡಿದು ಮಾಡೀನಿ."

"ನಾನೇ ಬಡಿದು ಮಾಡಿದೆ," ಎಂದು ನಮ್ಮವರು ಅವನಿಗೆ ಇಂಗ್ಲಿಷಿನಲ್ಲಿ ಹೇಳಿದರು. ಅಯ್ಯೋ ಶಿವನೇ! ಸುತ್ತಿಗೆ ಯಾವ ಕಡೆ ಹಿಡಿಯಬೇಕೆಂದು ಗೊತ್ತಿಲ್ಲದ ಮನುಷ್ಯ!

ವಿರೆಮು ಕಾರಿನ ಅಡಿಗೆ ಹೋದ, ಹೊರಬಂದ, ಎಂಜಿನ್ ನಂಬರು ನೋಡಿದ, ಸ್ಟಾರ್ಟ್ ಮಾಡಿದ. ಒಂದೇ ಸಲಕ್ಕೆ ಗುಡುಗಿತು. "ಬಹಳ ಚೆನ್ನಾಗಿದೆ, ಬಹಳ ಚೆನ್ನಾಗಿದೆ," ಎನ್ನುತ್ತ ನಮ್ಮವರ ಕೈ ಕುಲುಕಿದ. ನಮ್ಮವರು ಹಲ್ಲು ಕಿರಿಯುತ್ತ, "ತುಂಬಾ ಕಷ್ಟಪಟ್ಟಿದ್ದೇನೆ, ಮೇಟ್," ಎಂದರು. ಆಗಲೇ ಬಾಯಿಬಿಟ್ಟು ಬಿಡಬೇಕೆಂದು ಮುಂದೆ ಹೆಜ್ಜೆ ಇಟ್ಟೆ. ಅಷ್ಟರಲ್ಲಿ ವಿರೆಮು ಕೊನೆಯ ಸಲ ಎಂದು ಟಾರ್ಚನ್ನು ಬಾನೆಟ್ ಮೇಲೆ ಅಡ್ಡಡ್ಡ ಮಲಗಿಸಿ ಬೆಳಕು ಹಾಯಿಸಿದ, ಹಾಗೇ ನಿಂತುಬಿಟ್ಟ.

"ಇದೇನು?"

ಬಗ್ಗಿ ನೋಡಿದೆ. ಬಾನೆಟ್ಟಿನ ಮುಂಭಾಗದಲ್ಲಿ, ನಟ್ಟನಡುವೆ, ಬಣ್ಣದ ಅಡಿಯಿಂದ ಸಾಸಿವೆ ಕಾಳಿಗಿಂತ ಸಣ್ಣ ಗುಳ್ಳೆಗಳು ಎದ್ದಿದ್ದವು. ನೇರವಾಗಿ ನೋಡಿದರೆ ಕಾಣುವುದಿಲ್ಲ, ಅಡ್ಡ ಬೆಳಕಿಗೆ ಮಾತ್ರ ಕಾಣುತ್ತವೆ. ಕೆಳಗೆ ತಗಡು ತುಕ್ಕು ಹಿಡಿಯುತ್ತಿದೆ ಎಂದು ಅರ್ಥ. ಎಲ್ಲಿ ತಪ್ಪಿದೆ? ಪ್ರೈಮರ್ ಹೊಡೆಯುವ ಮುನ್ನ ಒರೆಸಲಿಲ್ಲವೇ?

ಅಷ್ಟರಲ್ಲಿ ನಮ್ಮವರ ಬಾಯಿಂದ ಆ ಮುತ್ತು ಉದುರಿತು.

"ಓ, ಬಾನೆಟ್ಟಾ? ಅದನ್ನು ನನ್ನ ಹೆಂಡತಿ ಮಾಡಿದಳು. ಅವಳಿಗೂ ಸ್ವಲ್ಪ ಆಸೆ ಇತ್ತು, ಅದೊಂದನ್ನು ಅವಳ ಕೈಗೆ ಬಿಟ್ಟಿದ್ದೆ."

ಕೇಳಿದಿರಾ? ಟಕ್ ಎಂದು ಮ್ಯಾಗ್ನೆಟ್ ಅಂಟಿದ್ದೆಲ್ಲ ಗಂಡನದು, ಗುಳ್ಳೆ ಎದ್ದದ್ದು ಮಾತ್ರ ಹೆಂಡತಿಯದು! ವಿರೆಮು ನನ್ನ ಕಡೆ ನೋಡಿ, ಪಾಪ ಎನ್ನುವ ಹಾಗೆ ನಕ್ಕ. ಬಯ್ದಿದ್ದರೂ ತಡೆದುಕೊಳ್ಳುತ್ತಿದ್ದೆ, ಆ ನಗು ತಡೆಯಲಾಗಲಿಲ್ಲ. ಅವನ ಕೈಯಿಂದ ಟಾರ್ಚು ಕಸಿದುಕೊಂಡು ಮತ್ತೆ ಬಗ್ಗಿದೆ.

ಗುಳ್ಳೆಗಳು ಎಲ್ಲೆಂದರಲ್ಲಿ ಎದ್ದಿರಲಿಲ್ಲ. ಮೂರು ಸಾಲಾಗಿ ಎದ್ದಿದ್ದವು. ಅಡ್ಡಡ್ಡ, ಗೇಣುದ್ದ. ಮೇಲಿನ ಎರಡು ಸಾಲು ಹತ್ತಿರ ಹತ್ತಿರ, ಮೂರನೆಯದು ಸ್ವಲ್ಪ ದೂರ ಸರಿದು, ಕೆಳಗೆ ಬಾಗಿ.

ನನಗೆ ನಗು ಬಂತೋ ಸಿಟ್ಟು ಬಂತೋ ಹೇಳಲಾರೆ. ಎರಡು ವರ್ಷದ ಹಿಂದಿನ ಖಂಡೇನವಮಿ ಕಣ್ಣ ಮುಂದೆ ಬಂತು. ಆಯುಧಪೂಜೆಯ ಆ ದಿನ ಬಾನೆಟ್ಟಿನ ಹಳೆಯ ಬಣ್ಣವನ್ನೆಲ್ಲ ಕೆರೆದು ಬರೀ ತಗಡು ಮಾಡಿ ಇಟ್ಟಿದ್ದೆ. ಬರೀ ತಗಡಿಗೆ ಬೆವರುಗೈ ತಾಗಿದರೂ ಸಾಕು, ತುಕ್ಕು ಹಿಡಿಯುತ್ತದೆ. ಅದರಲ್ಲೂ ಆಕ್ಲೆಂಡಿನ ತೇವ! ಆಫೀಸಿಗೆ ಹೊರಡುವಾಗ, ಸಂಜೆ ಬಂದು ಪ್ರೈಮರ್ ಹೊಡೆಯುತ್ತೇನೆ ಎಂದು ನಮ್ಮವರಿಗೆ ಹೇಳಿ, ವಿಭೂತಿ ಎಲ್ಲೆಲ್ಲಿ ಹಚ್ಚಬಹುದೆಂದೂ ತಿಳಿಸಿದ್ದೆ. "ಮಧ್ಯಾಹ್ನ ಗೆಳ್ಯಾರು ಪೂಜಿಗೆ ಬಂದ್ರ, ಈಬತ್ತಿ ಸ್ಟೇರಿಂಗಿಗೆ ಹಚ್ಚರಿ, ಟಾಯರಿಗೆ ಹಚ್ಚರಿ, ನನ್ನ ಪಾನಾ ಡಬ್ಬಿಗೆ ಹಚ್ಚರಿ. ಬಾನೆಟ್ಟಿಗೆ ಮಾತ್ರ ಬೆರಳು ಸೈತ ತಾಗಿಸಬ್ಯಾಡ್ರಿ." ಅವರು ಫೋನಿನಿಂದ ತಲೆ ಎತ್ತದೆ "ಹೂಂ" ಅಂದಿದ್ದರು. ಸಂಜೆ ಬಂದಾಗ ಬಾನೆಟ್ ಸ್ವಚ್ಛವಾಗಿಯೇ ಕಂಡಿತ್ತು.

"ರೀ, ಇಲ್ಲಿ ಬರ್ರಿ. ಬಲಗೈ ಕೊಡ್ರಿ."

"ಯಾಕ?"

"ಕೊಡ್ರಿ ಅಂದ್ನೆಲ್ಲ!"

ಅವರ ಮೂರು ಬೆರಳನ್ನು ಹಿಡಿದು ಆ ಮೂರು ಸಾಲಿನ ಮೇಲೆ ಇಟ್ಟೆ. ತೋರುಬೆರಳು ಮೊದಲ ಸಾಲಿಗೆ, ನಡುಬೆರಳು ಎರಡನೆಯದಕ್ಕೆ, ಕಬಡ್ಡಿಯಲ್ಲಿ ಮುರಿದ ಉಂಗುರ ಬೆರಳು ಸರಿಯಾಗಿ ಆ ಕೆಳಗೆ ಬಾಗಿದ ಸಾಲಿನ ಮೇಲೆ ಕೂತಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ನಮ್ಮವರು ಕೈ ಕಿತ್ತುಕೊಂಡರು. ದನಿ ಇಳಿಯಿತು. "ಕಾರಿನ ಹಣಿಗೆ ಹಚ್ಚೂದ ಬಿಟ್ಟು ಟಾಯರಿಗ್ಯಾರ ಹಚ್ಚತಾರ ರತ್ನಾ? ಗೆಳ್ಯಾರ ಮುಂದ ಹೆಂಗ ಬಿಡೂದು? ಆಮ್ಯಾಲ ಹಸಿ ಅರಿವಿಲೆ ಛಂದಂಗಿ ಒರಸೀನಿ..."

"ಹಸಿ ಅರಿವಿಲೆ! ನೀರಾಗ ಕಲಸಿದ ಈಬತ್ತಿ ಹಚ್ಚಿ, ಮ್ಯಾಲ ಹಸಿ ಅರಿವಿ ಬ್ಯಾರೆ!"

ವಿರೆಮು ಇಬ್ಬರ ಮುಖವನ್ನೂ ನೋಡುತ್ತಿದ್ದ. ನಾನು ಅವನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. ನಮ್ಮಲ್ಲಿ ವರ್ಷಕ್ಕೊಮ್ಮೆ ಕೆಲಸದ ಸಾಮಾನುಗಳನ್ನು ಪೂಜಿಸುತ್ತೇವೆ. ಪವಿತ್ರವಾದ ಬೂದಿಯನ್ನು ನೀರಲ್ಲಿ ಕಲಸಿ ಮೂರು ಬೆರಳಿನಿಂದ ಎಳೆಯುತ್ತೇವೆ. ನಾನು ಬೇಡವೆಂದಿದ್ದೆ, ಈ ಮನುಷ್ಯ ಬರೀ ತಗಡಿನ ಮೇಲೆ ಎಳೆದ. "ಗುಳ್ಳೆ ಇವರದು. ಬಾನೆಟ್ ನನ್ನದು. ಬಾಗಿಲು ನನ್ನದು, ಕಮಾನು ನನ್ನದು, ಅಡಿಯಲ್ಲಿ ನೀವು ನೋಡಿದ ಪ್ರತಿ ಬೆಸುಗೆಯೂ ನನ್ನದು. ನಂಬಿಕೆ ಇಲ್ಲದಿದ್ದರೆ ಇನ್ನೊಂದು ಸುತ್ತು ಹಾಕಿ. ಈ ಸಲ ಪ್ರಶ್ನೆ ನನ್ನನ್ನು ಕೇಳಿ."

ಕೇಳಿದ. ಮತ್ತೆ ಮೊದಲಿಂದ, ಒಂದನ್ನೂ ಬಿಡದೆ. ನಾನು ಹೇಳಿದೆ. ನಮ್ಮವರು ಗ್ಯಾರೇಜಿನ ಮೂಲೆಯಲ್ಲಿ ಪೇಂಟಿನ ಡಬ್ಬಿಯ ಮೇಲೆ ಕೂತಿದ್ದರು.

ವಿರೆಮು ಹೊರಗೆ ಹೋಗಿ ಡನೀಡಿನ್‌ಗೆ ಫೋನು ಮಾಡಿ ಬಂದ. "ಬಾನೆಟ್ಟನ್ನು ಮೇಲಿಂದ ಉಜ್ಜಿ ಒಂದು ಕೈ ಬಣ್ಣ ಎಳೆದುಕೊಟ್ಟರೂ ಸಾಕಂತೆ. ಇಲ್ಲವೇ ಬೆಲೆ ಸ್ವಲ್ಪ ಇಳಿಸಿ, ಇವತ್ತೇ ಮಾತು ಮುಗಿಸೋಣ ಅಂತಾನೆ."

ನಮ್ಮವರು ಡಬ್ಬಿಯಿಂದ ಛಂಗನೆ ಎದ್ದರು. "ರತ್ನಾ, ಹೂಂ ಅಂದಬಿಡು. ಮನಿಗೆ ಬಂದ ಲಕ್ಷ್ಮೀನ ಕಾಲಿಲೆ ಒದಿಬ್ಯಾಡ!"

"ಎರಡೂ ಆಗುವುದಿಲ್ಲ," ಎಂದೆ ನಾನು ವಿರೆಮುಗೆ. "ಮೇಲೆ ಬಣ್ಣ ಎಳೆದರೆ ಎರಡು ವರ್ಷಕ್ಕೆ ಮತ್ತೆ ಏಳುತ್ತದೆ. ಆಗ ಯಾರೂ ಇವರ ಬೆರಳಿಂದ ಎದ್ದಿತು ಎನ್ನುವುದಿಲ್ಲ, ಆ ಹೆಂಗಸಿನ ಕೆಲಸ ಇಷ್ಟೇ ಎನ್ನುತ್ತಾರೆ. ಬಾನೆಟ್ಟನ್ನು ತಗಡಿನ ತನಕ ಕೆರೆದು ಮೊದಲಿಂದ ಮಾಡುತ್ತೇನೆ. ಬೆಲೆ ಅದೇ. ನಿಮ್ಮ ವರದಿಯಲ್ಲಿ ಕಾರು ಮಾಡಿದವರ ಹೆಸರು ಬದಲಾಗಬೇಕು. ಕಾಯುವ ತಾಳ್ಮೆ ಇಲ್ಲದಿದ್ದರೆ ಅವನು ಬೇರೆ ಕಾರು ನೋಡಿಕೊಳ್ಳಲಿ."

ಮತ್ತೆ ಫೋನು. ಡನೀಡಿನ್‌ನವನಿಗೆ ತಾಳ್ಮೆ ಇರಲಿಲ್ಲ. ಮಾರಾಟ ಅಲ್ಲೇ ಮುರಿದುಬಿತ್ತು. ನಮ್ಮವರು ತಲೆಯ ಮೇಲೆ ಕೈ ಹೊತ್ತರು. ನನಗೂ ಬೇಜಾರಾಯಿತು, ಇಲ್ಲವೆನ್ನಲಾರೆ. ಆದರೆ ಆಡಿದ ಮಾತಿಗೆ ಪಶ್ಚಾತ್ತಾಪ ಮಾತ್ರ ಆಗಲಿಲ್ಲ.

ಹೊರಡುವ ಮುನ್ನ ವಿರೆಮು ತನ್ನ ಹಾಳೆಯಲ್ಲಿ ಒಂದು ಸಾಲು ಹೊಡೆದುಹಾಕಿ, ಪೆನ್ನು ಹಿಡಿದು ಕಾದು ನಿಂತ. "ಹೆಸರು ಹೇಳಿ, ತಪ್ಪಿಲ್ಲದೆ ಬರೆಯಬೇಕು." ಒಂದೊಂದೇ ಅಕ್ಷರ ಹೇಳಿದೆ. ಉದ್ದದ ಹೆಸರು, ಜಾಗ ಸಾಲದೆ ಅಂಚಿನ ತನಕ ಹೋಯಿತು. "ಬಾನೆಟ್ ಮುಗಿದ ದಿನ ನನಗೆ ಫೋನು ಮಾಡಿ. ಇಂಥ ಕಾರು ಹುಡುಕುವವರು ಅವನೊಬ್ಬನೇ ಅಲ್ಲ," ಎಂದು ಯೂಟ್ ಹತ್ತಿದ.

ಮರುದಿನ ಭಾನುವಾರ. ಬಾನೆಟ್ಟಿನ ಬೋಲ್ಟು ಸಡಿಲಿಸಿದೆ. ಅದನ್ನು ಇಳಿಸಲು ಇಬ್ಬರು ಬೇಕು. "ಹಿಡೀರಿ," ಅಂದೆ. ನಮ್ಮವರು ಆ ಕಡೆ ಹಿಡಿದರು. ಗೆಳೆಯರು ಬಂದರು. ಗಿರಮಿಟ್ಟು ಮಾಡಿರಲಿಲ್ಲ. ನಾನು ಕೆರೆಯುತ್ತ ಹೋದೆ. ಕಿತ್ತಳೆ ಬಣ್ಣ ಹೋಯಿತು, ಪ್ರೈಮರ್ ಹೋಯಿತು, ಅಡಿಯಲ್ಲಿ ಮೂರು ಕಂದು ಗೆರೆಗಳು ಎದ್ದು ಕಂಡವು. ಗೆಳೆಯರೆಲ್ಲ ಆ ಗೆರೆ ನೋಡಿದರು, ನಮ್ಮವರ ಕೈ ನೋಡಿದರು.

ಗೆರೆಗಳೂ ಹೋಗಿ ತಗಡು ಬೆಳ್ಳಗೆ ಹೊಳೆಯತೊಡಗಿದಾಗ ನಮ್ಮವರೇ ಬಾಯಿಬಿಟ್ಟರು.

"ಹಂಗಾರ... ಬರೂ ಖಂಡೇನವಮಿಗೆ ಈಬತ್ತಿ ಎಲ್ಲಿ ಹಚ್ಚೂದ ರತ್ನಾ?"

ಕೆರೆಯುವ ಮಷೀನು ನಿಲ್ಲಿಸಿದೆ. ಕೈಗವಸು ಕಳಚಿ, ಎರಡೂ ಕೈಯನ್ನು ಎಲ್ಲರೆದುರಿಗೆ ಅವರ ಮುಂದೆ ಚಾಚಿದೆ. ಉಗುರಿನ ಸಂದಿಯಲ್ಲಿ ಕಿತ್ತಳೆ ಬಣ್ಣ, ಮುಂಗೈ ಮೇಲೆ ಬೆಸುಗೆಯ ಕಿಡಿ ಸುಟ್ಟ ಕಲೆ.

"ಇಲ್ಲಿ ಹಚ್ಚರಿ. ಈ ಮನ್ಯಾಗ ಆಯುಧ ಅಂದ್ರ ಇವ."

ಅವರು ನನ್ನ ಕೈಗಳನ್ನೇ ನೋಡುತ್ತ ನಿಂತರು. ನಾನು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.